ಸೀಳಿದ ಬುರುಡೆ, ಬಿಚ್ಚುವ ಅಂಟು

ಕೌದಿ ಬಿಚ್ಚಿ ತಂಬೂರಿಯನ್ನು ಚಾಪೆಯ ಮೇಲೆ ಮಲಗಿಸಿದೆ. ರಿಪೇರಿಯ ಚಾಚಾ ಸೀಳಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕಲ್ಲಂಗಡಿ ಕೊಳ್ಳುವವರ ಹಾಗೆ ಬೆರಳ ಗೆಣ್ಣಿನಿಂದ ಬುರುಡೆಗೆ ನಾಲ್ಕು ಕಡೆ ಬಡಿದರು. ಮೂರು ಕಡೆ ತುಂಬಿದ ದನಿ ಬಂತು, ನಾಲ್ಕನೆಯ ಕಡೆ ಒಡಕು ಗಡಿಗೆಯ ದನಿ. ಅಲ್ಲೇ ಹೆಬ್ಬೆರಳು ಊರಿ ಕೇಳಿದರು: "ಇದಕ್ಕ ಮೊದಲ ಯಾರ ಕೈ ಹಚ್ಯಾರ?"

ಯಾರು ಒಡೆದರು ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಯಾರು ರಿಪೇರಿ ಮಾಡಿದರು ಎಂದು. ಮಿರಜದ ಸತಾರಮೇಕರ್ ಗಲ್ಲಿಯಲ್ಲಿ ಒಂದು ಮಧ್ಯಾಹ್ನ ಕೂತರೆ ಈ ಪ್ರಶ್ನೆಯ ಅರ್ಥ ತಿಳಿಯುತ್ತದೆ. ಅಲ್ಲಿಗೆ ಬರುವ ಹಳೆಯ ವಾದ್ಯಗಳು ಬಿದ್ದ ಪೆಟ್ಟಿಗಿಂತ ಮಾಡಿಸಿದ ಮದ್ದಿನಿಂದಲೇ ಹೆಚ್ಚು ನೊಂದಿರುತ್ತವೆ.

ತಂಬೂರಿ ಅಜ್ಜನದು. ನಮ್ಮದು ಗಡಹಿಂಗ್ಲಜ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಸಂಕೇಶ್ವರಕ್ಕೆ ಹೋಗಿ ಬರುವುದು ನಮಗೆ ರಾಜ್ಯ ದಾಟಿದಂತೆ ಅನ್ನಿಸುವುದೇ ಇಲ್ಲ. ಅಜ್ಜನ ಭಜನೆಯೂ ಹಾಗೇ ಇತ್ತು. ಶರೀಫರ ತತ್ವಪದ ಮುಗಿಯುತ್ತಿದ್ದಂತೆ ಅದೇ ಶ್ರುತಿಯಲ್ಲಿ ತುಕಾರಾಮರ ಅಭಂಗ ಎತ್ತಿಕೊಳ್ಳುತ್ತಿದ್ದ. ಎರಡಕ್ಕೂ ಒಂದೇ ತಂಬೂರಿ: ಹತ್ತಿರ ಹತ್ತಿರ ಐದಡಿ ಉದ್ದ, ಕೂತವನ ಸೊಂಟದಷ್ಟು ಅಗಲದ ಬುರುಡೆ, ಕೈ ಸವೆದು ಕಪ್ಪಾದ ದಂಡಿ. ಅಜ್ಜ ಹೋದ ಮೇಲೆ ಅದು ಅಟ್ಟ ಸೇರಿತು. ಅಟ್ಟದ ಮೇಲೆ ತಗಡು. ತಂತಿಗಳು ಅಜ್ಜ ಕೊನೆಯ ಸಲ ಕೂಡಿಸಿದ ಶ್ರುತಿಯಲ್ಲೇ ಬಿಗಿದು ನಿಂತಿದ್ದವು. ಅವನ್ನು ಸಡಿಲ ಮಾಡಲು ಯಾರಿಗೂ ಮನಸ್ಸು ಬರಲಿಲ್ಲ. ಪ್ರೀತಿಯಿಂದಲೇ ಆದ ತಪ್ಪು ಅದು, ಆದರೂ ತಪ್ಪು.

ತಂಬೂರಿ ತಾನಾಗಿ ಸೀಳುವುದು ಹೇಗೆಂದು ಸ್ವಲ್ಪ ಹೇಳಬೇಕು. ಅದರಲ್ಲಿ ಎರಡು ಜಾತಿಯ ವಸ್ತುಗಳು ಒಂದಕ್ಕೊಂದು ಅಂಟಿಕೊಂಡಿವೆ. ಹಿಂದೆ ಒಣಗಿದ ಸೋರೆಬುರುಡೆ, ಮುಂದೆ ಅದರ ಬಾಯಿ ಮುಚ್ಚುವ ತೆಳು ಮರದ ಹಲಗೆ. ಈ ಹಲಗೆಗೆ ತಬಲಿ ಎನ್ನುತ್ತಾರೆ. ಮರ ತನ್ನ ನಾರಿನ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಕುಗ್ಗುವುದು ಜಾಸ್ತಿ. ಬುರುಡೆಯ ಕುಗ್ಗುವಿಕೆಗೆ ಅದರದೇ ಲೆಕ್ಕ. ಘಟ್ಟದ ಮಗ್ಗುಲಲ್ಲಿರುವ ನಮ್ಮ ಕಡೆ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೂ ನೀರೊಡೆಯುತ್ತದೆ, ಏಪ್ರಿಲ್‌ನಲ್ಲಿ ಬಾಗಿಲ ಚೌಕಟ್ಟು ಬಿರಿಯುತ್ತದೆ. ವರ್ಷ ವರ್ಷವೂ ಹಲಗೆ ಒಂದು ಕಡೆ, ಬುರುಡೆ ಒಂದು ಕಡೆ ಎಳೆದಾಡುತ್ತವೆ. ಅದರ ಮೇಲೆ ನಾಲ್ಕು ತಂತಿಗಳ ಬಿಗಿತ ದಂಡಿಯನ್ನು ಮುಂದಕ್ಕೆ ಜಗ್ಗುತ್ತದೆ, ತಂತಿಗಳನ್ನು ಹೊತ್ತ ಘೋಡಿಯ ಕೆಳಗೆ ತಬಲಿಯನ್ನು ಒತ್ತುತ್ತದೆ. ಎಲ್ಲಿ ಬುರುಡೆ ತೆಳುವೋ ಅಲ್ಲಿ ಒಂದು ದಿನ ಗೆರೆ ಮೂಡುತ್ತದೆ. ಇಲಿ, ಹುಳ ಬಿದ್ದಿದ್ದರಂತೂ ಬೇಗ.

ನಮ್ಮ ತಂಬೂರಿಗೆ ಮೊದಲ ಗೆರೆ ಬಿದ್ದದ್ದು ನಾನು ಶಾಲೆಯಲ್ಲಿದ್ದಾಗ. ಇಚಲಕರಂಜಿಯಲ್ಲಿದ್ದ ಕಾಕಾ ಅದನ್ನು ಒಯ್ದರು. ಇಚಲಕರಂಜಿ ಎಂದರೆ ಪವರ್‌ಲೂಮುಗಳ ಊರು. ಮಗ್ಗದ ಮರದ ಭಾಗ ಸವೆದರೆ, ಮುರಿದರೆ ಅದನ್ನು ರಾತ್ರೋರಾತ್ರಿ ನಿಲ್ಲಿಸಿಕೊಡುವ ಬಡಿಗರು ಅಲ್ಲಿ ಬೇಕಾದಷ್ಟು. ಅಂಥ ಒಬ್ಬ ಒಳ್ಳೆಯ ಕೈಯ ಬಡಿಗ ಎರಡು ಟ್ಯೂಬಿನ ಎಪಾಕ್ಸಿ ಅಂಟು ಕಲಸಿ ಸೀಳಿಗೆ ಹೊರಗಿನಿಂದ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಕೊಟ್ಟ. ಮಗ್ಗಕ್ಕೆ ಅದು ಸರಿಯಾದ ಮದ್ದು. ಕಾಕಾ ಬುರುಡೆಯ ಮೇಲೆ ಗುದ್ದಿ ತೋರಿಸಿದ್ದು ನೆನಪಿದೆ. "ಇನ್ನ ಬುರಡಿ ಹೋದರೂ ಇದು ಹೋಗೂದಿಲ್ಲ" ಅಂದಿದ್ದರು.

ಅದೇ ಊರಿನಲ್ಲಿ ನೂರು ವರ್ಷದ ಹಿಂದೆ ತಂಬೂರಿಗೆ ಬೇರೆಯೇ ಮರ್ಯಾದೆ ಇತ್ತು ಎನ್ನುವುದು ಆಮೇಲೆ ತಿಳಿಯಿತು. ಗ್ವಾಲಿಯರ್ ಗಾಯಕಿಯನ್ನು ಮಹಾರಾಷ್ಟ್ರಕ್ಕೆ ತಂದವರಲ್ಲಿ ಮೊದಲಿಗರಾದ ಬಾಲಕೃಷ್ಣಬುವಾ ಇಚಲಕರಂಜೀಕರ್ (1849–1926) ಅಲ್ಲಿಯ ಜಹಗೀರುದಾರರ ಆಶ್ರಯದಲ್ಲಿದ್ದವರು. ಕುರುಂದವಾಡದ ಹುಡುಗ ವಿಷ್ಣು ದಿಗಂಬರ ಪಲುಸ್ಕರ್ ಪಟಾಕಿ ಸಿಡಿದು ಕಣ್ಣು ಕೆಡಿಸಿಕೊಂಡು ಚಿಕಿತ್ಸೆಗೆ ಮಿರಜಕ್ಕೆ ಬಂದಾಗ, ಅವನಿಗೆ ಹಾಡು ಕಲಿಸಿದವರೂ ಇವರೇ. ಆ ಹುಡುಗ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ. ಕಾಕಾನಿಗೆ ಇದನ್ನೆಲ್ಲ ಹೇಳಿದರೆ, "ಆಗ ಎಪಾಕ್ಸಿ ಇರ್ಲಿಲ್ಲಲ್ಲ, ಪಾಪ" ಅನ್ನುತ್ತಾರೆ.

ಮೂರು ವರ್ಷದ ಹಿಂದೆ ಅವ್ವ ತಂಬೂರಿ ಇಳಿಸಿ ಮೀಟಿದಳು. ಗರ್ರ್ ಎಂದಿತು. ಅವಳಿಗೆ ಖುಷಿಯೋ ಖುಷಿ. "ಕೇಳೋ, ಜವಾರಿ ಇನ್ನೂ ಐತಿ!" ನನಗೂ ಹಾಗೇ ಅನಿಸಿತ್ತು. ನಮ್ಮಂಥವರು ಸಾಮಾನ್ಯವಾಗಿ ಮೋಸ ಹೋಗುವುದು ಇಲ್ಲೇ. ತಂಬೂರಿಯ ಜವಾರಿಯೂ ಒಂದು ಬಗೆಯ ಗುಂಯ್‌ಗುಡುವಿಕೆ, ಸೀಳಿನ ದನಿಯೂ ಗುಂಯ್‌ಗುಡುವಿಕೆ. ಜವಾರಿ ತಂತಿಯಿಂದ ಹುಟ್ಟಿ, ಅರಳಿ, ನಿಧಾನಕ್ಕೆ ಮಾಗುತ್ತದೆ. ಸೀಳಿನದು ಮೀಟಿದ ಕೂಡಲೇ ಕಿರುಚಿ ಸತ್ತುಹೋಗುತ್ತದೆ. ಸೀಳಿನ ಎರಡೂ ಮಗ್ಗುಲಿಗೆ ಅಂಗೈ ಒತ್ತಿ ಹಿಡಿದು ಮತ್ತೆ ಮೀಟಿದರೆ ಗರಗರ ನಿಲ್ಲುತ್ತದೆ. ಒತ್ತಿ ನೋಡಿದೆ, ನಿಂತಿತು. ಅವ್ವನ ಮುಖವೂ ಇಳಿಯಿತು. ಎಪಾಕ್ಸಿಯ ಕಲೆ ಹಾಗೇ ಗಟ್ಟಿಯಾಗಿತ್ತು. ಅದರ ಅಂಚಿಗೆ ಒತ್ತಿಕೊಂಡು ಹೊಸ ಸೀಳು, ಗೇಣುದ್ದ.

ಮೊದಲು ಹೋದದ್ದು ಕೊಲ್ಹಾಪುರಕ್ಕೆ. ದೊಡ್ಡ ಊರು, ಹಾಡಿನ ಊರು. 1883ರಲ್ಲೇ ಶುರುವಾದ ಗಾಯನ ಸಮಾಜ ದೇವಲ್ ಕ್ಲಬ್ ಇರುವ ಊರು. ಶಾಹೂ ಮಹಾರಾಜರು ಅಲ್ಲಾದಿಯಾ ಖಾನರನ್ನು ಆಸ್ಥಾನ ಗಾಯಕರಾಗಿ ಇರಿಸಿಕೊಂಡಿದ್ದರು. ಅವರ ಮಗ ಬುರ್ಜಿ ಖಾನರ ಹತ್ತಿರ ನಮ್ಮ ಮಲ್ಲಿಕಾರ್ಜುನ ಮನ್ಸೂರರು ಜೈಪುರ ಘರಾಣೆಯ ಪಾಠ ಮುಂದುವರಿಸಿದ್ದರು. ಆದರೆ ನಾನು ಹೋದ ಅಂಗಡಿಯಲ್ಲಿ ಹಾರ್ಮೋನಿಯಂ, ಡಗ್ಗಾ, ಗಣಪತಿ ಹಬ್ಬದ ಢೋಲು ಒಟ್ಟಿದ್ದವು. ಹುಡುಗ ಬುರುಡೆ ನೋಡಿ ಮರಾಠಿಯಲ್ಲಿ ಎರಡೇ ಮಾತು ಹೇಳಿದ: ಭೋಪಳೆಯ, ಎಂದರೆ ಬುರುಡೆಯ, ಕೆಲಸ ಇಲ್ಲಿಲ್ಲ, ಮಿರಜಕ್ಕೆ ಹೋಗಿ.

ಎಸ್ಟಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೌದಿ ಸುತ್ತಿದ ತಂಬೂರಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮಿರಜಕ್ಕೆ ಬಂದೆ. ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ, ಧಾರವಾಡ ಎಲ್ಲಿಂದ ಹೊರಟರೂ ತಂಬೂರಿ ಕೊನೆಗೆ ಬಂದು ನಿಲ್ಲುವುದು ಇಲ್ಲೇ.

ಯಾಕೆ ಮಿರಜ? ಉತ್ತರ ಕತ್ತಿಯಲ್ಲಿದೆ. ಇಲ್ಲಿಯ ಶಿಕಲಗಾರ ಮನೆತನಗಳು ಪಟವರ್ಧನ ಸಂಸ್ಥಾನಿಕರ ಕಾಲದಲ್ಲಿ ಆಯುಧ ಮಾಡಿ, ಸಾಣೆ ಹಿಡಿದು ಬದುಕಿದವರು. ಕಂಪನಿ ಸರ್ಕಾರ ಬಂದು ಕತ್ತಿಗೆ ಬೇಡಿಕೆ ಕುಗ್ಗಿತು. 1850ರ ಸುಮಾರಿಗೆ ಫರೀದಸಾಹೇಬ ಎಂಬವರು ಕೈಚಳಕವನ್ನು ವಾದ್ಯದ ಕಡೆ ತಿರುಗಿಸಿದರು. ಶಿಕಲಗಾರರು ಹೀಗೆ ಸತಾರಮೇಕರರಾದರು. ಮೊದಲು ರಿಪೇರಿ, ಆಮೇಲೆ ತಯಾರಿಕೆ ಎನ್ನುವುದು ಗಲ್ಲಿಯಲ್ಲಿ ಕೇಳಿಬರುವ ಮಾತು. ನನಗೂ ಅದು ಸರಿಯೆನಿಸುತ್ತದೆ. ಬೇರೆಯವರು ಕಟ್ಟಿದ್ದನ್ನು ಬಿಚ್ಚದೆ ಕಟ್ಟುವುದನ್ನು ಯಾರು ಕಲಿತಿದ್ದಾರೆ? 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಗಲ್ಲಿಯಲ್ಲಿ ಅದರ ಬಗ್ಗೆ ಹೆಮ್ಮೆ ಇದೆ, ಗದ್ದಲ ಇಲ್ಲ.

ಕನ್ನಡದ ಹಾಡಿಗೆ ಈ ಊರಿನ ಋಣ ಬಹಳ. ಮನ್ಸೂರರು ಹುಡುಗರಿದ್ದಾಗ ಗ್ವಾಲಿಯರ್ ಗಾಯಕಿ ಕಲಿತದ್ದು ಮಿರಜದ ನೀಲಕಂಠಬುವಾ ಅಲೂರಮಠರ ಹತ್ತಿರ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆ ನಿಂತದ್ದು ಇಲ್ಲೇ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಈ ಸಾಲಿನವರ ಬೆನ್ನ ಹಿಂದೆ ನೆಟ್ಟಗೆ ನಿಂತ ತಂಬೂರಿಗಳನ್ನು ಫೋಟೋಗಳಲ್ಲಿ ಎಲ್ಲರೂ ನೋಡಿದ್ದೇವೆ, ಮಾಡಿದವರ ಹೆಸರು ಮಾತ್ರ ಕೇಳಿಲ್ಲ.

ಚಾಚಾ ಕನ್ನಡ ಕಲಿತದ್ದು ಧಾರವಾಡದ ಗಿರಾಕಿಗಳಿಂದ. ಎಪಾಕ್ಸಿಯ ಕಲೆಯನ್ನು ಉಗುರಿನಿಂದ ಕೆರೆದು, "ಇದು ಬಿಡೂದಿಲ್ಲ" ಅಂದರು. ಹೊಗಳಿದರು ಅಂದುಕೊಂಡೆ. ಬೈದಿದ್ದರು.

ಮೂಲೆಯ ಸ್ಟೋವಿನ ಮೇಲೆ ಒಂದು ಪಾತ್ರೆಯಲ್ಲಿ ನೀರು, ಅದರೊಳಗೆ ಇನ್ನೊಂದು ಡಬ್ಬಿ. ಅದರಲ್ಲಿ ಜೇನಿನ ಬಣ್ಣದ ಸರಸು ಕರಗುತ್ತಿತ್ತು. ದನದ ಚರ್ಮ, ಎಲುಬು ಬೇಯಿಸಿ ತೆಗೆದ ಅಂಟು ಅದು. ಚಕ್ಕೆಗಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹೀಗೆ ನೀರಿನ ಕಾವಿನಲ್ಲೇ ಬಿಸಿ ಮಾಡಬೇಕು. ನೇರ ಬೆಂಕಿಗೆ ಇಟ್ಟರೆ ಸುಟ್ಟು ಬಲ ಕಳೆದುಕೊಳ್ಳುತ್ತದೆ. ವಾಸನೆ ಹೇಳಿಕೊಳ್ಳುವಂಥದ್ದಲ್ಲ. ಅದರ ದೊಡ್ಡ ಗುಣವೆಂದರೆ ಒಣಗಿದ ಮೇಲೆ ಮರದಷ್ಟೇ ಗಟ್ಟಿ, ಆದರೆ ಬಿಸಿಯೂ ತೇವವೂ ಸೇರಿ ತಾಕಿದರೆ ಮತ್ತೆ ಮೆತ್ತಗಾಗಿ ಕೈಬಿಡುತ್ತದೆ. ಎಪಾಕ್ಸಿ ಹಾಗಲ್ಲ. ಒಮ್ಮೆ ಕಚ್ಚಿದರೆ ತೆಗೆಯಲು ಉಜ್ಜಬೇಕು, ಉಜ್ಜಿದರೆ ಬುರುಡೆಯೂ ಜೊತೆಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಬುರುಡೆ ಹಿಗ್ಗಿ ಕುಗ್ಗುವಾಗ ಅದು ಕದಲುವುದೇ ಇಲ್ಲ. ಎಳೆತವೆಲ್ಲ ಅದರ ಅಂಚಿಗೆ ಬಂದು ಸೇರುತ್ತದೆ. ನಮ್ಮ ಎರಡನೆಯ ಸೀಳು ಹುಟ್ಟಿದ್ದು ಆ ಅಂಚಿನಲ್ಲೇ.

"ನಾ ಮಾಡಿದ್ದನ್ನ ನಾಳೆ ಇನ್ನೊಬ್ಬ ಬಿಚ್ಚಬೇಕಲ್ರೀ," ಎಂದರು ಚಾಚಾ. ತಾನು ಮಾಡಿದ ಕೆಲಸ ಒಂದು ದಿನ ಬಿಚ್ಚಿಕೊಳ್ಳುತ್ತದೆ ಎಂದು ಒಪ್ಪಿಯೇ ಕೆಲಸಕ್ಕೆ ಕೂರುವವರನ್ನು ನಾನು ಜಾಸ್ತಿ ನೋಡಿಲ್ಲ. ಕಟ್ಟಡದವರೂ, ರಸ್ತೆಯವರೂ, ನನ್ನಂಥ ಬರೆಯುವವರೂ ಶಾಶ್ವತದ ಮಾತೇ ಆಡುತ್ತೇವೆ.

ಇಟಲಿಯ ಕ್ರೆಮೊನಾದ ಪಿಟೀಲುಗಳದ್ದೂ ಇದೇ ಕತೆ. ಅಲ್ಲಿಯೂ ಪ್ರಾಣಿಜನ್ಯ ಅಂಟೇ. ಮೇಲಿನ ಹಲಗೆಗೆ ಬೇಕೆಂದೇ ತುಸು ತೆಳು ಅಂಟು ಹಚ್ಚುತ್ತಾರೆ. ಮರ ಎಳೆದಾಡಿದಾಗ ಹಲಗೆ ಸೀಳುವ ಬದಲು ಬೆಸುಗೆ ಬಿಡಲಿ, ರಿಪೇರಿಗೆ ತೆರೆಯಲೂ ಬರಲಿ ಎಂದು. ಅಲ್ಲಿಯ ಸ್ಟ್ರಾಡಿವೇರಿ ಮಾಡಿದ ಪಿಟೀಲುಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಮುಂದೆ ಕತ್ತು ಬದಲಾಯಿಸಿದ್ದಾರೆ, ಹೊಸ ಕಾಲದ ಎತ್ತರದ ಶ್ರುತಿಗೆ, ಬಿಗಿ ತಂತಿಗೆ ಹೊಂದಿಸಲು. ಕೋಟಿಗಟ್ಟಲೆ ಬೆಲೆಯ ಆ ವಾದ್ಯಗಳು ಇವತ್ತಿಗೂ ನುಡಿಯುತ್ತಿರುವುದು ಅವುಗಳನ್ನು ಬಿಚ್ಚಲು ಬಂದದ್ದರಿಂದ.

ಬಿಚ್ಚುವ ಕೆಲಸ ನೋಡಲೆಂದು ಮರುವಾರ ಮತ್ತೆ ಹೋದೆ. ತಂತಿ, ಘೋಡಿ, ಮಣಿ ತೆಗೆದು ಒಂದು ತಟ್ಟೆಯಲ್ಲಿ ಇಟ್ಟಿದ್ದರು. ತಬಲಿಯೂ ಬುರುಡೆಯೂ ಸೇರುವ ಗೆರೆಗೆ ಒದ್ದೆ ಬಟ್ಟೆಯ ಪಟ್ಟಿ ಸುತ್ತಿ, ತೆಳುವಾದ ಚಾಕು ಕಾಯಿಸಿ ಗೆರೆಯೊಳಗೆ ಕೂದಲೆಳೆಯಷ್ಟು ತೂರಿಸಿದರು. ತಡೆದರು, ಮತ್ತೆ ಕಾಯಿಸಿದರು. ಅಂಗುಲ ಅಂಗುಲವಾಗಿ ಚಾಕು ಸುತ್ತು ಬಂತು. ಒತ್ತಿದ್ದೇ ಕಾಣಲಿಲ್ಲ. ಕೊನೆಗೆ "ಟಕ್" ಎಂದು ಒಂದು ಸಣ್ಣ ಸದ್ದು, ಹಳೆ ಪೆಟ್ಟಿಗೆಯ ಮುಚ್ಚಳ ಬಿಟ್ಟುಕೊಂಡಂತೆ. ತಬಲಿ ಮೇಲೆದ್ದಿತು. ಒಳಗಿನಿಂದ ಬಂದದ್ದು ಹಳೇ ಧಾನ್ಯದ ಕಣಜದ ವಾಸನೆ.

ಒಳಗೆ ಬ್ಯಾಟರಿ ಹಾಕಿ ನೋಡಿದೆವು. ಬುರುಡೆಯ ಒಳಮೈ ಒಣ ರೊಟ್ಟಿಯ ಬಣ್ಣದ್ದು, ಗುಂಜು ಗುಂಜು. ಹೊರಗೆ ಗೇಣುದ್ದ ಕಾಣುತ್ತಿದ್ದ ಸೀಳು ಒಳಗೆ ಒಂದೂವರೆ ಗೇಣು ಓಡಿತ್ತು. ಪಕ್ಕದಲ್ಲಿ ಇನ್ನೊಂದು, ಯಾವ ಕಾಲದ್ದೋ. ಅದಕ್ಕೆ ಯಾರೋ ಸರಸಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿ ಒಳಗಿನಿಂದ ಅಂಟಿಸಿದ್ದರು. ಧೋತರದ ಅಂಚಿನ ಬಟ್ಟೆ. ಹೊರಗಿನಿಂದ ಆ ಸೀಳಿನ ಸುಳಿವೇ ಇರಲಿಲ್ಲ, ಅಜ್ಜನೂ ಹೇಳಿದ್ದಿಲ್ಲ. "ಇದು ನಮ್ಮವರ ಕೈ," ಎಂದು ಚಾಚಾ ಆ ಪಟ್ಟಿಯನ್ನು ಸವರಿದರು. ಅದನ್ನು ತೆಗೆಯಲಿಲ್ಲ.

ಎಪಾಕ್ಸಿ ಕೆತ್ತಿ ತೆಗೆಯಲು ಎರಡು ದಿನ ಹಿಡಿಯಿತು. ಆಮೇಲಿನದು ತಾಳ್ಮೆಯ ಕೆಲಸ. ಸೀಳಿನ ಸುತ್ತ ಒದ್ದೆ ಬಟ್ಟೆ ಹಾಕಿ ಬುರುಡೆಯನ್ನು ತುಸು ಮೆತ್ತಗೆ ಮಾಡುತ್ತಾರೆ. ಬಿಸಿ ಸರಸು ಸೀಳಿನೊಳಗೆ ಇಳಿಸಿ, ಸೈಕಲ್ ಟ್ಯೂಬ್ ಸೀಳಿದ ಪಟ್ಟಿಗಳಿಂದ ಬುರುಡೆಯನ್ನು ಸುತ್ತು ಸುತ್ತಾಗಿ ಬಿಗಿಯುತ್ತಾರೆ. ಕಬ್ಬಿಣದ ಹಿಡಿಕೆ ಗುಂಡನೆಯ ಮೈಗೆ ಕೂರುವುದಿಲ್ಲ, ರಬ್ಬರು ಎಲ್ಲ ಕಡೆಯಿಂದ ಸಮನಾಗಿ ಒತ್ತುತ್ತದೆ. ಬುರುಡೆಯ ಚೂರು ಹಾರಿಹೋದ ಕಡೆಗೆ ಅಂಗಡಿಯ ಮೂಲೆಯ ಚೀಲದಿಂದ ಇನ್ನೊಂದು ಒಡೆದ ಬುರುಡೆಯ ತುಂಡು ಹುಡುಕಿದರು. ಬಾಗು ಹೊಂದಬೇಕು, ದಪ್ಪ ಹೊಂದಬೇಕು. ಹತ್ತು ತುಂಡು ಹಿಡಿದು ನೋಡಿ ಹನ್ನೊಂದನೆಯದನ್ನು ಇಟ್ಟುಕೊಂಡರು. ಒಡೆದ ತಂಬೂರಿ ಈ ಗಲ್ಲಿಯಲ್ಲಿ ಕಸ ಆಗುವುದಿಲ್ಲ, ಇನ್ನೊಂದರ ತೇಪೆ ಆಗುತ್ತದೆ. ಒಳಗಿನಿಂದ ಬಟ್ಟೆಯ ಪಟ್ಟಿ, ಉಳಿದ ಸಂದಿಗೆ ಸರಸಿನಲ್ಲಿ ಕಲಸಿದ ಮರದ ಪುಡಿ.

ಹೊಸ ಬುರುಡೆಯನ್ನೇ ಹಾಕಬಾರದೇ ಎಂದು ಕೇಳಿದೆ. ಹಾಕಬಹುದಂತೆ. ಬುರುಡೆಗಳು ಬರುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಢೆ ಸೀಮೆಯಿಂದ, ಭೀಮಾ ನದಿಯ ಬಯಲಿನಿಂದ. ತಿನ್ನುವ ಸೋರೆಯಲ್ಲ, ಕಹಿಯ ಜಾತಿ. ಬಳ್ಳಿಯಲ್ಲೇ ಬಲಿತು, ತಿಂಗಳುಗಟ್ಟಲೆ ಒಣಗಬೇಕು. ದಂಡಿಗೂ ತಬಲಿಗೂ ಬಳಸುವ ತುಣ್ ಮರ ಬರುವುದು ಕರ್ನಾಟಕದ ಕಾಡಿನ ಕಡೆಯಿಂದ. ಬುರುಡೆ ಭೀಮೆಯದು, ಮರ ನಮ್ಮದು, ಕೈ ಮಿರಜದ್ದು. ಗಡಿ ತಕರಾರಿನವರು ಒಂದು ತಂಬೂರಿಯನ್ನು ಹೇಗೆ ಪಾಲು ಮಾಡುತ್ತಾರೋ ನೋಡಬೇಕು. ಇರಲಿ. ಚಾಚಾ ಹೊಸ ಬುರುಡೆ ಬೇಡವೆಂದರು. ಹೊಸದು ಹಾಕಿದರೆ ಅದಕ್ಕೂ ಹಳೆ ತಬಲಿಗೂ ಹೊಂದಿಕೆ ಆಗಲು ವರ್ಷಗಳು ಬೇಕು. ಹಳೆಯ ಬುರುಡೆ ಅಷ್ಟೂ ಮಳೆಗಾಲ ನೋಡಿ ತನ್ನ ಜಗ್ಗಾಟ ಮುಗಿಸಿಕೊಂಡಿರುತ್ತದೆ.

ಆಷಾಢ ಬಂತು. ಮಳೆಯಲ್ಲಿ ಸರಸು ಒಣಗುವುದಿಲ್ಲ, ಅರಗಿನ ಪಾಲಿಶ್ ಬೆಳ್ಳಗೆ ಮಂಜು ಹಿಡಿಯುತ್ತದೆ. ಒಂದು ತಿಂಗಳೆಂದದ್ದು ಮೂರಾಯಿತು. ಫೋನ್ ಮಾಡಿದಾಗಲೆಲ್ಲ "ಬಿಸಲ ಬೀಳ್ಲಿ" ಎಂಬ ಒಂದೇ ಉತ್ತರ. ಅವಸರ ಮಾಡುವ ಗಿರಾಕಿಗೆ ಬೆಂಕಿಯ ಕಾವು ತೋರಿಸಿ ಒಣಗಿಸಿಕೊಡುವವರೂ ಇದ್ದಾರೆ. ಅಂಥ ಕೆಲಸ ಮರುಬೇಸಿಗೆಗೆ ಬಾಯಿ ಬಿಡುತ್ತದೆ.

ನವರಾತ್ರಿಗೆ ಮುಂಚೆ ಕರೆ ಬಂತು. ತಂಬೂರಿ ಹೊಳೆಯುತ್ತಿತ್ತು, ಸೀಳಿದ ಜಾಗ ತಾಯಿಗೆ ಮಾತ್ರ ಕಾಣುವ ಗಾಯದ ಗುರುತಿನಂತೆ ಒಂದು ಗೆರೆ. ಆದರೆ ಮೀಟಿದರೆ ಮೊಂಡು ದನಿ. "ಈಗ ಜವಾರಿ," ಎಂದು ಚಾಚಾ ಸಣ್ಣ ಅರ ಹಿಡಿದು ಕೂತರು.

ಘೋಡಿಯ ಮೇಲ್ಮೈ ನೋಡಲು ಚಪ್ಪಟೆ, ನಿಜದಲ್ಲಿ ಅತಿ ನವಿರಾದ ಇಳಿಜಾರು. ತಂತಿ ಅಲುಗಿದಂತೆಲ್ಲ ಆ ಇಳಿಜಾರನ್ನು ತಾಕುತ್ತ ಬಿಡುತ್ತ ಹೋಗುತ್ತದೆ. ತಂತಿಗೂ ಘೋಡಿಗೂ ನಡುವೆ ಒಂದು ನೂಲು ತೂರಿಸಿ ಹಿಂದೆ ಮುಂದೆ ಸರಿಸುತ್ತ ಆ ತಾಕುವಿಕೆಯನ್ನು ಹದಕ್ಕೆ ತರುತ್ತಾರೆ. ಕನ್ನಡದಲ್ಲಿ ಆ ನೂಲಿಗೆ ಜೀವಾಳ ಎಂದು ಹೆಸರು. ಇದರಲ್ಲಿ ಏನು ವಿಶೇಷ ಎಂದು 1921ರಲ್ಲಿ ಸಿ. ವಿ. ರಾಮನ್ ಒಂದು ಪುಟ್ಟ ಲೇಖನದಲ್ಲಿ ತೋರಿಸಿದರು. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ, ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲೇಬಾರದು ಎನ್ನುವುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ನಿಯಮ. ತಂಬೂರಿಯಲ್ಲೂ ವೀಣೆಯಲ್ಲೂ ಆ ಸ್ವರಗಳು ಖಣಿಲ್ಲೆಂದು ಕೇಳುತ್ತವೆ. ಕಾರಣ ಈ ಬಾಗಿದ ಘೋಡಿ. ಪಂಚಮ, ಷಡ್ಜ ಮಾತ್ರ ಇರುವ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳಿಸುವುದು ಇದರಿಂದಲೇ.

ಚಾಚಾ ಎರಡು ಸಲ ಅರ ಎಳೆದರು, ಮೀಟಿದರು, ತಲೆ ಅಲ್ಲಾಡಿಸಿದರು. ಮತ್ತೆ ಒಂದು ಸಲ. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಊಟದ ಹೊತ್ತು ದಾಟಿತು. ಅಬ್ದುಲ್ ಕರೀಂ ಖಾನರು ಜವಾರಿ ತೆಗೆಯುವುದರಲ್ಲಿ, ವಾದ್ಯ ರಿಪೇರಿಯಲ್ಲಿ ಸ್ವತಃ ಪಳಗಿದ್ದರು, ಪ್ರವಾಸಕ್ಕೆ ಹೋದಾಗಲೂ ಸಲಕರಣೆ ಜೊತೆಗಿರುತ್ತಿತ್ತು ಎನ್ನುತ್ತಾರೆ. 1937ರ ಅಕ್ಟೋಬರಿನಲ್ಲಿ ಪುದುಚೇರಿಗೆ ಹೊರಟವರು ಮೈ ಸರಿಯಿಲ್ಲವೆಂದು ಚೆಂಗಲ್ಪಟ್ಟು ಹತ್ತಿರದ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ತಂಬೂರಿ ಶ್ರುತಿ ಮಾಡಿಸಿ ಹಾಡುತ್ತಲೇ ಪ್ರಾಣ ಬಿಟ್ಟರೆಂಬ ಕತೆ ಗಲ್ಲಿಯ ಮಕ್ಕಳಿಗೂ ಗೊತ್ತು. ಅವರ ಸಮಾಧಿ ಇಲ್ಲಿಯ ಮೀರಾಸಾಹೇಬ ದರ್ಗಾದಲ್ಲಿದೆ. ಉರುಸಿನಲ್ಲಿ ಇಂದಿಗೂ ಹಾಡುಗಾರರು ಬಂದು ಹಾಡಿ ಹೋಗುತ್ತಾರೆ.

ಮೂರು ಗಂಟೆಗೆ ಖರ್ಜದ, ಎಂದರೆ ಮಂದ್ರ ಷಡ್ಜದ, ಹಿತ್ತಾಳೆ ತಂತಿ ಬಾಯಿ ಬಿಟ್ಟಿತು. ಬೀದಿಯಲ್ಲಿ ರಿಕ್ಷಾ ಹಾರ್ನು, ಪಕ್ಕದಲ್ಲಿ ಮರ ಕೊಯ್ಯುವ ಸದ್ದು. ಆದರೂ ಅಂಗಡಿಯ ಗೋಡೆಗೆ ತೂಗಿದ ಸಿತಾರೊಂದರ ತಂತಿ ತಾನೇ ಸಣ್ಣಗೆ ಮಿಡಿಯಿತು.

ಕೊಟ್ಟ ಹಣ ಹೊಸ ತಂಬೂರಿಯ ಬೆಲೆಯ ಕಾಲುಭಾಗವೂ ಆಗಲಿಲ್ಲ. ಮೂರು ತಿಂಗಳ ಕೈಕೆಲಸಕ್ಕೆ ಅದು ಕಡಿಮೆಯೆಂದು ನನಗೇ ಅನಿಸಿತು. ಈ ಕೆಲಸಕ್ಕೆ ಹುಡುಗರು ಬರುವುದಿಲ್ಲ ಎಂದರೆ ಆಶ್ಚರ್ಯವೇನು? 1970ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ ಮೇಲೆ, ಈಗ ಮೊಬೈಲಿನಲ್ಲೇ ಶ್ರುತಿ ಸಿಗುವಾಗ, ಐದಡಿಯ ವಾದ್ಯವನ್ನು ಬಸ್ಸಿನಲ್ಲಿ ಹೊರುವವರು ಕಡಿಮೆ. ನನ್ನ ಫೋನಿನಲ್ಲೂ ಆ ಆ್ಯಪ್ ಇದೆ, ಅವ್ವ ಅಡುಗೆ ಮಾಡುತ್ತ ಅದಕ್ಕೇ ಹಾಡಿಕೊಳ್ಳುತ್ತಾಳೆ. ಅದು ಸೀಳುವುದಿಲ್ಲ ಎನ್ನುವುದು ನಿಜ.

ಹೊರಡುವಾಗ ಚಾಚಾ ಹೇಳಿದ್ದು ಇಷ್ಟು: ನುಡಿಸಿದ ಮೇಲೆ ತಂತಿ ಸಡಿಲ ಮಾಡ್ರಿ, ತಗಡಿನ ಕೆಳಗ ಇಡಬ್ಯಾಡ್ರಿ, ಗ್ವಾಡಿಗೆ ಒರಗಸಬ್ಯಾಡ್ರಿ, ಬಿದ್ದರ ನನ್ನ ಕಡೆ ತರ್ರಿ. ಬೇರೆ ಯಾರ ಕೈಗೂ ಕೊಡಬೇಡಿ ಎನ್ನುವುದನ್ನು ಬಾಯಿಬಿಟ್ಟು ಹೇಳಲಿಲ್ಲ. ಕೆತ್ತಿ ತೆಗೆದ ಎಪಾಕ್ಸಿಯ ತುಣುಕನ್ನು ಕಾಗದದಲ್ಲಿ ಕಟ್ಟಿ ಕೈಗಿಟ್ಟರು. ಅಂಗೈ ಅಗಲದ, ಆಮೆಯ ಚಿಪ್ಪಿನಂಥ ತುಣುಕು. ಒಳಮೈಯಲ್ಲಿ ಬುರುಡೆಯ ಗೆರೆಗಳು ಒಂದೂ ಬಿಡದೆ ಅಚ್ಚಾಗಿದ್ದವು.

ರಾತ್ರಿ ಕಾಕಾ ಇಚಲಕರಂಜಿಯಿಂದ ಫೋನ್ ಮಾಡಿದರು. ಈಗ ಎಂಬತ್ತು ದಾಟಿದೆ, ಕಿವಿ ಮಂದ. ಹಿಂದೆ ಅವ್ವ ಮೀಟುತ್ತಿದ್ದಳು. ಅದು ಅವರಿಗೆ ಕೇಳಿಸಿತೋ ಇಲ್ಲವೋ.

"ಅಲ್ಲೋ, ನಾ ಹಚ್ಚಿಸಿದ್ದ ಅಂಟು ಗಟ್ಟಿ ಇತ್ತಲ್ಲ?"

"ಹೌದ್ರೀ ಕಾಕಾ," ಅಂದೆ, "ಅದೊಂದ ಗಟ್ಟಿ ಇತ್ತು."